ಗುಟುಕಿಗೊಂದು ಕಾಳು

ಕೆರೆಗೆ ಮೊಸಳೆ ಬಂದರೆ ಕೂಗಿ ಎಚ್ಚರಿಸಲೆಂದು ಪ್ರಾಣಿಗಳೆಲ್ಲ ಸೇರಿ ಟಿಟ್ಟಿಭ ಹಕ್ಕಿಯನ್ನು ಕಾವಲಿಗೆ ಇಟ್ಟುಕೊಂಡಿದ್ದವು. ಅದರ ಕೂಲಿಗೆ ಕೂಡಿಟ್ಟಿದ್ದ ಕಾಳು ಮುಗಿದುಹೋದಾಗ ದಡದಲ್ಲಿ ಸಭೆ ಸೇರಿತು.

ಅಧ್ಯಕ್ಷನಾದ ಆಮೆ ಹೇಳಿತು: “ಕಾವಲು ಉಳಿಯಬೇಕಾದರೆ ನೀರಿಗೆ ತೆರಿಗೆ ಹಾಕಲೇಬೇಕು. ಕುಡಿಯುವ ಗುಟುಕಿಗೆ ಒಂದು ಕಾಳು.”

“ನನ್ನ ನೂರು ಗುಟುಕು ಸೇರಿದರೂ ಎಮ್ಮೆಯ ಮೂಗು ಒದ್ದೆಯಾಗುವುದಿಲ್ಲ. ಇದೆಂಥ ನ್ಯಾಯ?” ಎಂದಿತು ಗುಬ್ಬಿ.

“ನಾನಿರುವುದೇ ನೀರಲ್ಲಿ. ಕುಡಿದದ್ದೆಷ್ಟು, ಮಿಂದದ್ದೆಷ್ಟು ಎಂದು ಯಾರು ನೋಡುತ್ತಾರೆ?” ಎಂದಿತು ಕಪ್ಪೆ.

ಹೊಟ್ಟೆಯವರೆಗೆ ನೀರಲ್ಲಿ ನಿಂತಿದ್ದ ಎಮ್ಮೆ ಮೆಲುಕು ನಿಲ್ಲಿಸಿತು. “ಅಷ್ಟಕ್ಕೂ ಮೊಸಳೆ ಬಂದು ಎಷ್ಟು ಕಾಲವಾಯಿತು? ಕಾವಲನ್ನೇ ತೆಗೆದುಬಿಡಿ. ತೆರಿಗೆಯ ತಂಟೆಯೇ ಇರುವುದಿಲ್ಲ.”

ಅಷ್ಟು ಹೊತ್ತು ಜಗಳವಾಡಿದ ಸದಸ್ಯರೆಲ್ಲ ಈ ಮಾತಿಗೆ ಒಂದಾದರು. ಠರಾವು ಅವಿರೋಧವಾಗಿ ಪಾಸಾಯಿತು. ಟಿಟ್ಟಿಭ ಕಾವಲಿನ ಬಂಡೆಯಿಂದ ಇಳಿದು ಬಂತು.

ಚಪ್ಪಾಳೆಗಳು ಕೇಳಿಬಂದವು. ಎಲ್ಲಕ್ಕಿಂತ ಜೋರಾದ ಚಪ್ಪಾಳೆ ಮಾತ್ರ ಕೆರೆಯ ನಡುವಿನಿಂದ, ದಪ್ಪನೆಯ ಬಾಲವೊಂದು ನೀರಿಗೆ ಬಡಿದಂತೆ ಕೇಳಿಸಿತು.

ಸಭೆಯೆಲ್ಲ ಟಿಟ್ಟಿಭದ ಕಡೆ ತಿರುಗಿತು. “ಯಾರದು?”

“ನನ್ನನ್ನೇಕೆ ಕೇಳುತ್ತೀರಿ? ಈಗತಾನೆ ಕೆಲಸದಿಂದ ತೆಗೆದಿರಲ್ಲ,” ಎಂದು ಅದು ರೆಕ್ಕೆ ತೀಡಿಕೊಳ್ಳತೊಡಗಿತು.

ಗುಬ್ಬಿ ಹಾರಿ ಮರ ಸೇರಿತು. ಕಪ್ಪೆ ದಡಕ್ಕೆ ನೆಗೆಯಿತು. ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ಎಮ್ಮೆ ಒಂದೊಂದೇ ಕಾಲನ್ನು ಕೆಸರಿನಿಂದ ಕೀಳುತ್ತ, ಚಿಪ್ಪಿನ ಕಡೆ ನೋಡಿ ಮೆಲ್ಲಗೆ ಹೇಳಿತು: “ಅಧ್ಯಕ್ಷರೇ, ಗುಟುಕಿಗೆ ಎರಡು ಕಾಳಾದರೂ ನನ್ನದೇನೂ ಅಭ್ಯಂತರವಿಲ್ಲ.”