ಇಪ್ಪೆಯ ಗೂಟ

ಒಂದು ಊರಿನ ಕೆರೆ ಏರಿಯ ಮೇಲೆ ಆಲದ ಮರವಿತ್ತು. ಅದರಲ್ಲಿ ಸುಮಾರು ಆರುನೂರು ಬಾವಲಿಗಳು ತಲೆಕೆಳಗಾಗಿ ತೂಗುತ್ತಿದ್ದವು. ಸಂಜೆ ಅವು ಎದ್ದು ಊರ ಮೇಲೆ ಹಾರಿದಾಗ ಮನೆಮನೆಯಲ್ಲಿ ದೀಪ ಹಚ್ಚುವುದು ಅಲ್ಲಿಯ ವಾಡಿಕೆ.

ಆ ಊರಿನ ದೊಡ್ಡತಾಯಮ್ಮನ ಗಂಡ ದಿನವೂ ಜಗಲಿಯ ಮೇಲೆ ಕೂತು ಆಕಾಶ ನೋಡುತ್ತಿದ್ದ. ಮೊದಲ ಬಾವಲಿ ಕಂಡ ಕೂಡಲೇ, “ಎದ್ದವು ಕಣಮ್ಮಿ, ದೀಪ ಹಚ್ಚು” ಎಂದು ಕೂಗುತ್ತಿದ್ದ. ಅವನು ತೀರಿಕೊಂಡ ಮೇಲೂ ಅವಳು ದೀಪಕ್ಕೆ ಗಡಿಯಾರ ನೋಡಲಿಲ್ಲ. ಬಾವಲಿಗಳನ್ನೇ ಕಾಯುತ್ತಿದ್ದಳು. ಅವು ಎದ್ದಾಗ ಅವನ ದನಿ ಕೇಳಿದಂತಾಗುತ್ತಿತ್ತು.

ಒಂದು ವರ್ಷ ಆ ಮರವನ್ನು ರಕ್ಷಿತ ತಾಣವೆಂದು ಸಾರಿದರು. ಕಾವಲಿಗೆ ಮಾದಯ್ಯ ಬಂದ. ನಿಷ್ಠಾವಂತ. ಮರದ ಸುತ್ತ ಭದ್ರವಾದ ಬೇಲಿ ಹಾಕಿಸಿದ. ಕಲ್ಲು ಬೀರುವವರನ್ನು ಓಡಿಸಿದ. ಉದುರಿದ ಒಣಕಡ್ಡಿಯನ್ನೂ ಒಯ್ಯಲು ಬಿಡಲಿಲ್ಲ.

ಮರುವರ್ಷ ಬಾವಲಿಗಳು ಮುನ್ನೂರಾದವು. ಅದರ ಮರುವರ್ಷ ನಲವತ್ತು. ಆಮೇಲೆ ಒಂದೂ ಇರಲಿಲ್ಲ.

ಒಂದು ಸಂಜೆ ದೊಡ್ಡತಾಯಮ್ಮ ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದು ಬೇಲಿಯ ಬಳಿಗೆ ಬಂದಳು.

“ಏನ್ ಮಾದಯ್ಯ, ಬಾವಲಿ ಕಾಯ್ತಿದ್ದೀಯೋ, ಬೇಲಿ ಕಾಯ್ತಿದ್ದೀಯೋ?”

“ಒಂದು ಎಲೆ ಮುಟ್ಟಕ್ಕೂ ಬಿಟ್ಟಿಲ್ಲ, ದೊಡ್ಡವ್ವ. ಯಾಕೆ ಹೋದವೋ ಗೊತ್ತಿಲ್ಲ.”

“ಇಲ್ಲಿಂದ ಎದ್ದು ಎಲ್ಲಿಗೆ ಹೋಗ್ತಿದ್ದವು?”

“ಹೊಲದ ಬದುಗಳಿಗೆ. ಇಪ್ಪೆ ಹೂ ತಿನ್ನಕ್ಕೆ, ಅತ್ತಿ ಹಣ್ಣು ತಿನ್ನಕ್ಕೆ.”

“ಆ ಮರಗಳು ಈಗ ಎಲ್ಲಿವೆ?”

ಮಾದಯ್ಯನ ಕೈ ಬೇಲಿಯ ಗೂಟದ ಮೇಲಿತ್ತು. ಅದು ಇಪ್ಪೆಯ ಗೂಟ. ಅಡ್ಡಕ್ಕೆ ಕಟ್ಟಿದ್ದು ಅತ್ತಿಯ ಕೊಂಬೆ. ಬೇಲಿಗೆಂದು ಬದುಗಳ ಮರಗಳನ್ನೆಲ್ಲ ಅವನೇ ಎದುರು ನಿಂತು ಕಡಿಸಿದ್ದ. ಅವು ರಕ್ಷಿತ ತಾಣದ ಹೊರಗಿದ್ದ ಮರಗಳು.

“ಮಲಗೋ ಮನೆ ಚೆನ್ನಾಗೇ ಕಾದೆ ಕಣಪ್ಪ,” ಎಂದಳು ಮುದುಕಿ. “ಉಣ್ಣೋ ಮನೆ ಕಿತ್ತು ತಂದು ಕಾದೆ.”

ಗೂಟದಿಂದ ಕೈ ತೆಗೆದು ಮಾದಯ್ಯ ಹೇಳಿದ, “ಮತ್ತೆ ನೆಡ್ತೀನಿ, ದೊಡ್ಡವ್ವ.”

“ಇಪ್ಪೆ ಹೂ ಬಿಡಕ್ಕೆ ಎಷ್ಟು ವರ್ಷ?”

“ಹತ್ತಾದರೂ ಬೇಕು.”

“ಅಷ್ಟು ದಿನ ನಾನಿರಲ್ಲ. ನೀನು ನೆಡು. ಅವು ಎದ್ದ ದಿನ ನನ್ನ ಬಾಗಿಲಲ್ಲಿ ನಿಂತು, ನಮ್ಮನೆಯವರು ಕೂಗ್ತಿದ್ದಂಗೆ ದೀಪ ಹಚ್ಚು ಅಂತ ಒಂದು ಸಲ ಕೂಗು. ಸಾಕು.”

ಆ ಮಳೆಗಾಲದಲ್ಲೇ ಮಾದಯ್ಯ ರೈತರನ್ನು ಒಬ್ಬೊಬ್ಬರಾಗಿ ಕೇಳಿಕೊಂಡು ಬದುಗಳಲ್ಲಿ ಇಪ್ಪೆಯ ಬೀಜ ಊರಿದ, ಅತ್ತಿಯ ಸಸಿ ನೆಟ್ಟ. ದೊಡ್ಡತಾಯಮ್ಮ ಮಾತ್ರ ದಿನವೂ ಬೆಂಕಿಪೊಟ್ಟಣ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದಳು. ಆಕಾಶ ಪೂರ್ತಿ ಕಪ್ಪಾದ ಮೇಲೆಯೇ ಒಳಗೆ ಹೋಗಿ ದೀಪ ಹಚ್ಚುತ್ತಿದ್ದಳು. ನಾಲ್ಕನೆಯ ವರ್ಷ ಅವಳು ತೀರಿಕೊಂಡಳು. ಆಗ ಇಪ್ಪೆಯ ಗಿಡಗಳು ಎದೆಮಟ್ಟಕ್ಕಿದ್ದವು.

ಹನ್ನೆರಡನೆಯ ವರ್ಷದ ಬೇಸಿಗೆಯಲ್ಲಿ ಇಪ್ಪೆ ಹೂ ಬಿಟ್ಟಿತು. ಕೆಲವು ದಿನಗಳಲ್ಲೇ ಆಲದ ಮರದಲ್ಲಿ ಬಾವಲಿಗಳು ಕಾಣಿಸಿಕೊಂಡವು. ಅವು ಎದ್ದ ಮೊದಲ ಸಂಜೆ ಮಾದಯ್ಯ ಎಣಿಸಿದ. ಮೂವತ್ತೊಂದು.

ಅವನು ನೆಟ್ಟಗೆ ದೊಡ್ಡತಾಯಮ್ಮನ ಮನೆಗೆ ನಡೆದ. ಬಾಗಿಲಲ್ಲಿ ನಿಂತು, “ಎದ್ದವು ಕಣವ್ವ, ದೀಪ ಹಚ್ಚು” ಎಂದು ಕೂಗಿದ.

ದೊಡ್ಡತಾಯಮ್ಮನ ಸೊಸೆ ಹೊರಗೆ ಬಂದು ಅವನ ಮುಖ ನೋಡಿದಳು. ಆಮೇಲೆ ಆಕಾಶ ನೋಡಿದಳು. ಒಳಗೆ ಹೋದಳು. ಕಡ್ಡಿ ಗೀರಿದ ಸದ್ದು ಬಾಗಿಲ ತನಕ ಕೇಳಿಸಿತು.

ನೀತಿ: ಒಂದು ಜೀವವನ್ನು ಉಳಿಸಲು ಅದು ತಂಗುವ ಮರಕ್ಕೆ ಬೇಲಿ ಹಾಕಿದರೆ ಸಾಲದು. ಅದು ಹಾರಿ ಹೋಗಿ ಉಣ್ಣುವ ಮರವೂ ಉಳಿಯಬೇಕು. ಕಡಿದ ತಪ್ಪು ತಿಳಿದ ದಿನವೇ ನೆಡಬೇಕು. ಯಾಕೆಂದರೆ ಮರ ಬೆಳೆಯುವ ತನಕ ಕಾಯುವವರೆಲ್ಲ ಉಳಿದಿರುವುದಿಲ್ಲ.