ಧೂಳಿಗೆ ಹೇಸಿದ ಬೆಳ್ಳಕ್ಕ

ಮಕ್ಕಳೇ, ಪಡುವಣ ಕಡಲಿನ ನಡುವೆ ಒಂದು ಒಂಟಿ ಬಂಡೆ ಇತ್ತು. ಅದರ ಸುತ್ತಮುತ್ತ ಬೂತಾಯಿ ಮೀನುಗಳ ದೊಡ್ಡ ಹಿಂಡು ಸಂಸಾರ ಹೂಡಿತ್ತು. ಆ ಹಿಂಡಿನಲ್ಲಿ ಬೆಳ್ಳಕ್ಕ ಅಂತ ಒಬ್ಬಳಿದ್ದಳು. ಅವಳ ಮೈ ತೊಳೆದಿಟ್ಟ ಬೆಳ್ಳಿ ಚಮಚದ ಹಾಗೆ ಥಳಥಳ ಹೊಳೆಯುತ್ತಿತ್ತು. ಒಂದು ಎಳೆ ಪಾಚಿ ತಾಗಿದರೂ ಸಾಕು, "ಥೂ, ಥೂ!" ಎಂದು ಹೊರಳಾಡಿ ಮೈ ಕೊಡವಿಕೊಳ್ಳುತ್ತಿದ್ದಳು. ಈಜುವಾಗ ಮಿಕ್ಕವರೆಲ್ಲ ಆ ಹೊಳಪನ್ನೇ ನೋಡಿಕೊಂಡು ಹಿಂದೆ ಬರುತ್ತಿದ್ದರು. ಹಾಗಾಗಿ ಬೆಳ್ಳಕ್ಕ ಹೋದದ್ದೇ ದಾರಿ.

ಈ ಮೀನುಗಳ ಊಟವೇನು ಗೊತ್ತೇ? ನೀರಿನಲ್ಲಿ ತೇಲುವ ಸಣ್ಣ ಸಣ್ಣ ಹಸಿರು ಗಿಡಗಳು. ಎಷ್ಟು ಸಣ್ಣವೆಂದರೆ, ಒಂದು ಹನಿಯಲ್ಲಿ ಒಂದು ತೋಟವೇ ಇರುತ್ತದೆ. ಕೆಲವು ಸೂಜಿಯಂತೆ, ಕೆಲವು ಗಾಜಿನ ಡಬ್ಬಿಯಂತೆ. ಮೀನುಗಳು ಅವಕ್ಕೆ ಕಡಲಪೈರು ಎನ್ನುತ್ತಿದ್ದವು.

ಬೇಸಿಗೆ ಬಂತೆಂದರೆ ದೂರದ ಮರಳುಗಾಡಿನಿಂದ ಗಾಳಿ ಏಳುತ್ತಿತ್ತು. ಕೆಂಪು ಧೂಳನ್ನು ಹೊತ್ತು ತಂದು ಕಡಲಿನ ಮೇಲೆ ಸುರಿಯುತ್ತಿತ್ತು. ಆ ವರ್ಷವೂ ಸುರಿಯತೊಡಗಿತು.

"ಬಂತು ನೋಡು ದರಿದ್ರ!" ಎಂದಳು ಬೆಳ್ಳಕ್ಕ.

"ಬರಲಿ ಬಿಡೇ," ಎಂದಳು ನೆರೆಯ ದುಂಡವ್ವ. ಅವಳು ವಯಸ್ಸಾದವಳು, ಉಂಡು ಸುಖವಾಗಿದ್ದವಳು. "ವರ್ಷಕ್ಕೊಮ್ಮೆ ಬರೋ ನೆಂಟ."

"ನೆಂಟನಂತೆ! ಕಾಲು ತೊಳೀದೆ ಒಳಗೆ ನುಗ್ಗೋ ನೆಂಟ! ತೆಂಕಣ ದಿಕ್ಕಿಗೆ ನೀಲಿ ನೀರಿದೆಯಂತೆ. ಈ ಗಾಳಿ ಅಲ್ಲಿಗೆ ತಲುಪೋದೇ ಇಲ್ಲವಂತೆ. ನಡೀರಿ, ಅಲ್ಲಿಗೇ ಹೋಗೋಣ."

"ಅಲ್ಲಿ ಊಟಕ್ಕೇನಿದೆ?"

"ಅಷ್ಟು ಚೊಕ್ಕ ನೀರಲ್ಲಿ ಊಟ ಇಲ್ಲದೆ ಇರುತ್ತಾ?"

ಬೆಳ್ಳಕ್ಕ ಬಾಲ ಬೀಸಿ ಹೊರಟೇಬಿಟ್ಟಳು. ಹಿಂಡು ಹಿಂದೆ ಹೊರಟಿತು. ದುಂಡವ್ವ ಗೊಣಗುತ್ತಲೇ ಜೊತೆಯಾದಳು. ಒಂಟಿಯಾಗಿ ಉಳಿಯುವ ಬೂತಾಯಿಯನ್ನು ಯಾರಾದರೂ ಕಂಡಿದ್ದೀರಾ?

ನೀಲಿ ನೀರು ನಿಜಕ್ಕೂ ಚೆಂದವಿತ್ತು. ಬಿಸಿಲು ಆಳದವರೆಗೂ ಇಳಿದು ಬಂದಿತ್ತು. "ಹೇಗಿದೆ?" ಎಂದು ಬೆಳ್ಳಕ್ಕ ಬೀಗಿದಳು. ಆಮೇಲೆ ಊಟಕ್ಕೆಂದು ಬಾಯಿ ತೆರೆದಳು. ಬರೀ ನೀರು. ಇನ್ನಷ್ಟು ಮುಂದೆ ಹೋಗಿ ತೆರೆದಳು. ಅಲ್ಲೂ ಬರೀ ನೀರು.

ಅಲ್ಲೊಬ್ಬ ಲೋಳೆಮೀನು ತೇಲುತ್ತಿದ್ದ. ಹೆಸರು ತೇಲಯ್ಯ. ಮೊದಲೇ ತೆಳ್ಳಗಿನ ಜಾತಿ, ಈಗಂತೂ ಇದ್ದಾನೋ ಇಲ್ಲವೋ ಎಂಬಂತಿದ್ದ.

"ಯಾವ ಊರಿಂದ ಬಂದಿರಿ?" ಎಂದು ಕೇಳಿದ.

"ಅಯ್ಯೋ, ಧೂಳು ಸುರಿಯೋ ಊರಿಂದ," ಎಂದಳು ಬೆಳ್ಳಕ್ಕ.

"ಧೂಳಾ? ಸುರಿಯುತ್ತಾ? ಎಂಥಾ ಪುಣ್ಯವಂತರಪ್ಪ!"

ಬೆಳ್ಳಕ್ಕ ಕಣ್ಣರಳಿಸಿದಳು. ತೇಲಯ್ಯ ಹೇಳಿದ: "ಒಮ್ಮೆ ದಾರಿ ತಪ್ಪಿದ ಗಾಳಿಯೊಂದು ಇಲ್ಲಿಗೂ ಒಂದಿಷ್ಟು ಧೂಳು ತಂದಿತ್ತು. ಆ ಧೂಳಲ್ಲಿ ಕಬ್ಬಿಣದ ಸತ್ವ ಇರುತ್ತೆ ತಾಯಿ, ಪೈರಿಗೆ ಅದೇ ಗೊಬ್ಬರ. ಬಿದ್ದ ಸ್ವಲ್ಪ ದಿನಕ್ಕೇ ನೀರೆಲ್ಲ ಹಸಿರೋ ಹಸಿರು! ಎಲ್ಲರೂ ಹೊಟ್ಟೆ ಬಿರಿಯ ಉಂಡೆವು. ಆಮೇಲೆ ಆ ಗಾಳಿ ಈ ಕಡೆ ಮುಖ ಹಾಕಿಲ್ಲ. ನೀರು ಇಷ್ಟು ತಿಳಿಯಾಗಿದೆ ಅಂದರೆ ತಟ್ಟೆ ಖಾಲಿ ಅಂತ ಅರ್ಥ."

ಬೆಳ್ಳಕ್ಕನಿಗೆ ಪ್ರತಿ ವರ್ಷದ ಹಸಿರು ನೆನಪಾಯಿತು. ಧೂಳು ಬಿದ್ದ ಮೇಲೆಯೇ ಅಲ್ಲವೇ ಅದು ಬರುತ್ತಿದ್ದದ್ದು?

ಅಷ್ಟರಲ್ಲಿ ಕೆಳಗಿನಿಂದ ಕೇದರ ಬಂತು. ಬೂತಾಯಿಗಳನ್ನು ಬೇಟೆಯಾಡುವ ದೊಡ್ಡ ಮೀನು ಅದು. ಹಸಿರು ನೀರಾಗಿದ್ದರೆ ಮರೆಯಾದರೂ ಇರುತ್ತಿತ್ತು. ಇಲ್ಲಿ ಒಬ್ಬೊಬ್ಬರೂ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿದ್ದರು. ಎಲ್ಲರಿಗಿಂತ ಮೊದಲು ಕಂಡದ್ದು ಬೆಳ್ಳಕ್ಕನ ಹೊಳಪು. ಕೇದರ ನೇರ ಅವಳ ಮೇಲೆ ಎರಗಿತು.

"ಸರಿಯೇ ಆಚೆ!" ದುಂಡವ್ವ ಅಡ್ಡ ನುಗ್ಗಿ ಅವಳನ್ನು ತಳ್ಳಿದಳು. ಬೆಳ್ಳಕ್ಕ ಉಳಿದಳು. ದುಂಡವ್ವನ ಅರ್ಧ ಬಾಲ ಹೋಯಿತು. ಕೇದರ ತಿರುಗಿ ಹಿಂಡಿಗೆ ಬಾಯಿ ಹಾಕಿತು. ಎಷ್ಟೋ ಮಂದಿ ಮತ್ತೆ ಕಾಣಲೇ ಇಲ್ಲ.

ಉಳಿದವರು ಬಂದ ದಾರಿಯಲ್ಲೇ ಬಡಗಣಕ್ಕೆ ಓಡಿದರು. ಹಸಿವಿನಿಂದ ರೆಕ್ಕೆ ಏಳುತ್ತಿರಲಿಲ್ಲ. ಈ ಸಲ ಬೆಳ್ಳಕ್ಕ ಮುಂದೆ ಹೋಗಲಿಲ್ಲ. ಎಲ್ಲರಿಗಿಂತ ಹಿಂದೆ, ಕುಂಟುತ್ತ ಈಜುವ ದುಂಡವ್ವನ ಪಕ್ಕದಲ್ಲಿ ಬಂದಳು.

ಒಂಟಿ ಬಂಡೆ ಕಂಡಾಗ ಸುತ್ತಲಿನ ನೀರು ಹಸಿರುಗಟ್ಟಿ ನಿಂತಿತ್ತು. ಅವರಿಲ್ಲದಾಗ ಬಿದ್ದ ಧೂಳಿಗೆ ಪೈರು ಕೊಬ್ಬಿತ್ತು. ಹಿಂಡು ಊಟಕ್ಕೆ ಬಿತ್ತು. ಬೆಳ್ಳಕ್ಕ ಮಾತ್ರ ತಲೆ ತಗ್ಗಿಸಿ ನಿಂತಳು.

"ನನ್ನನ್ನು ಬೈಯವ್ವ," ಎಂದಳು.

"ತಾಳೇ, ಹೊಟ್ಟೆ ತುಂಬಲಿ. ಆಮೇಲೆ ಬೈತೀನಿ," ಎಂದಳು ದುಂಡವ್ವ, ಬಾಯಿ ತುಂಬ ಪೈರು ತುಂಬಿಕೊಂಡು. "ನೀನೂ ತಿನ್ನು."

ಮುಂದಿನ ಬೇಸಿಗೆಯಲ್ಲಿ ಒಂದು ಹಡಗು ಕರೀ ಹೊಗೆ ಉಗುಳುತ್ತ ಹಾದುಹೋಯಿತು. ನೀರಿನ ಮೇಲೆ ಮಸಿ ಉದುರಿತು. ಮರಿಗಳು ಕುಣಿದಾಡಿದವು: "ಧೂಳು ಬಂತು! ಇನ್ನು ಹಬ್ಬ!"

"ನಿಲ್ಲಿ," ಎಂದಳು ಬೆಳ್ಳಕ್ಕ. "ಇದು ಆ ಧೂಳಲ್ಲ."

"ಹಾಗಾದರೆ ಕೆಟ್ಟದ್ದಾ?"

"ಅದೂ ಗೊತ್ತಿಲ್ಲ ಮಗಾ. ಪೈರು ಏನು ಹೇಳುತ್ತೋ ನೋಡೋಣ."

ಎಲ್ಲರೂ ಕಾದರು. ಮಸಿ ಬಿದ್ದ ಕಡೆ ಗಾಜಿನ ಡಬ್ಬಿಯಂಥ ಗಿಡಗಳು ಬಾಡಿದವು. ಅವುಗಳ ಜಾಗದಲ್ಲಿ ಬಾಯಿಗೆ ರುಚಿಸದ ಬೇರೇನೋ ಬೆಳೆಯಿತು. ಆಗ ಬೆಳ್ಳಕ್ಕ ಹಿಂಡನ್ನು ಆ ನೀರು ತಪ್ಪಿಸಿ, ಬಳಸುದಾರಿಯಲ್ಲಿ ಹಸಿರಿದ್ದ ಕಡೆಗೆ ಕರೆದುಕೊಂಡು ಹೋದಳು, ದುಂಡವ್ವನ ಮೋಟುಬಾಲಕ್ಕೆ ಎಷ್ಟು ಆಗುತ್ತದೋ ಅಷ್ಟೇ ನಿಧಾನವಾಗಿ.

ನೀತಿ: ಕೊಳೆಯೋ ಗೊಬ್ಬರವೋ ಎಂಬುದು ಬಣ್ಣ ನೋಡಿದರೆ ತಿಳಿಯದು, ಬೆಳೆ ನೋಡಿದರೆ ತಿಳಿಯುತ್ತದೆ.