ಪರದೆಗೆ ಬಾರದ ಮಾತು

ಕಪಿಲೆಯ ದಡದ ಒಂದು ಆಶ್ರಮದಲ್ಲಿ ವಯಸ್ಸಾದ ಗುರುಗಳಿದ್ದರು. ಭಕ್ತರ ಕಾಗದಗಳಿಗೆ ಅವರು ಹೇಳುವ ಉತ್ತರ ಪ್ರತಿ ಸೋಮವಾರ ಟಿವಿಯಲ್ಲಿ ಬರುತ್ತಿತ್ತು. ಕಿವಿ ಕೇಳದವರೂ ತಿಳಿಯಲೆಂದು ಆ ಮಾತುಗಳನ್ನು ಪರದೆಯ ಕೆಳಗೆ ಅಕ್ಷರದಲ್ಲಿ ಮೂಡಿಸುವ ಕೆಲಸ ಶಿಷ್ಯ ನಿರಂಜನನದು.

ಒಂದು ಮಧ್ಯಾಹ್ನ ಮಾದಲಾಂಬಿಕೆ ಎಂಬ ಹೆಂಗಸು ಎರಡು ಬಸ್ಸು ಬದಲಿಸಿ ಬಂದಳು. ಚಿಕ್ಕಂದಿನ ಜ್ವರದಲ್ಲಿ ಅವಳ ಕಿವಿ ಹೋಗಿತ್ತು.

ಕೂರುವಂತೆ ನಿರಂಜನ ಸನ್ನೆ ಮಾಡಿದ. ಅವಳು ಕೂರಲಿಲ್ಲ. ಜಗಲಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಲೇ ಇದ್ದಳು.

ಅವಳ ಒಂಬತ್ತು ವರ್ಷದ ಮಗಳು ಕಾಮಾಲೆಯಿಂದ ತೀರಿಕೊಂಡಿದ್ದಳು. ನನ್ನ ಮಗುವಿಗೇ ಯಾಕೆ ಹೀಗಾಯಿತು ಎಂದು ಅವಳು ಬರೆದ ಕಾಗದಕ್ಕೆ ಗುರುಗಳು ಹೋದ ಸೋಮವಾರ ಉತ್ತರಿಸಿದ್ದರು.

ಗುರುಗಳು ಹೊರಬಂದೊಡನೆ ಅವಳು ಒಂದು ಚೀಟಿ ಕೊಟ್ಟಳು.

"ನಿನ್ನ ಮಗಳು ದೇವರ ಮಡಿಲಲ್ಲಿ ಸುಖವಾಗಿದ್ದಾಳೆ, ದುಃಖಪಡಬೇಡ ಎಂದು ಅಕ್ಷರ ಬಂತು. ನಿಮ್ಮ ಮುಖದಲ್ಲಿ ಆ ಮಾತು ಇರಲಿಲ್ಲ. ನೀವು ಹೇಳಿದ್ದೇನು?"

ಗುರುಗಳು ಚೀಟಿಯನ್ನು ಶಿಷ್ಯನಿಗೆ ಕೊಟ್ಟರು.

ಅವನು ತಲೆ ತಗ್ಗಿಸಿ ಒಪ್ಪಿಕೊಂಡ. ಗುರುಗಳು ನಿಜವಾಗಿ ಹೇಳಿದ ಉತ್ತರ ಅವರ ಬಾಯಲ್ಲಿ ಚೆನ್ನಾಗಿರುವುದಿಲ್ಲವೆಂದು ತಾನೇ ಬೇರೆ ಮಾತು ಹಾಕಿದ್ದ.

"ನಾನು ಹೇಳಿದ್ದನ್ನು ಬರೆದುಕೊಡು," ಎಂದರು ಗುರುಗಳು.

"ಬುದ್ಧಿ, ಇಷ್ಟು ದೂರದಿಂದ ಬಂದಿದ್ದಾರೆ. ಅದನ್ನು ಓದಿದರೆ..."

"ಬರಿ."

ನಿರಂಜನ ಚೀಟಿಯ ಹಿಂದೆ ಬರೆದ: "ನನಗೆ ಗೊತ್ತಿಲ್ಲ, ತಾಯಿ."

ಅವಳು ಓದಿದಳು. ಗುರುಗಳ ಮುಖ ನೋಡಿದಳು. ಮತ್ತೆ ಓದಿದಳು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು ತುಂಬ ಹೊತ್ತು ಅತ್ತಳು.

ಅತ್ತಾದ ಮೇಲೆ ಹೊಳೆಗಿಳಿದು ಮುಖ ತೊಳೆದಳು. ಎಲೆ ಹಾಕಿದಾಗ ಊಟಕ್ಕೆ ಕೂತಳು. ಸಂಜೆಯ ಬಸ್ಸಿಗೆ ಹೊರಟಳು.

ಉಣ್ಣಲಾಗದೆ ಹೋದವನು ನಿರಂಜನ. ಮುಂದಿನ ಸೋಮವಾರ ತಪ್ಪನ್ನು ತಿದ್ದಿ ತೋರಿಸುತ್ತೇನೆಂದ. ಗುರುಗಳು ಆಗಲಿ ಎಂದರು. ಆದರೂ ಅವನು ಅಲ್ಲಿಂದ ಕದಲಲಿಲ್ಲ.

"ಬುದ್ಧಿ, ನಾನು ಹಾಕಿದ್ದು ಸಮಾಧಾನದ ಮಾತು. ನಿಮ್ಮದರಲ್ಲಿ ಉತ್ತರವೇ ಇರಲಿಲ್ಲ. ಅದನ್ನು ಓದಿ ಅವರ ಮನಸ್ಸು ಹೇಗೆ ಹಗುರವಾಯಿತು?"

ಗುರುಗಳು ಅವನನ್ನು ಹತ್ತಿರ ಕರೆದರು.

"ನೀನು ಬರೆದದ್ದು ಚೆನ್ನಾಗೇ ಇತ್ತು, ನಿರಂಜನ. ಆದರೆ ಅವತ್ತು ಗೊತ್ತಿಲ್ಲ ಎಂದಾಗ ನಾನು ಆ ತಾಯಿಯ ಪಕ್ಕದಲ್ಲಿ ಹೋಗಿ ಕೂತಿದ್ದೆ. ನೀನು ನನ್ನನ್ನು ಎಬ್ಬಿಸಿ ಕಳಿಸಿಬಿಟ್ಟೆ."